ಮಾವನ ಸ್ಟುಡಿಯೋದಾಗ ಸಿಕ್ಕ ಲೈಟ್ ಮೀಟರ್‌ಗಳು: ಇಟ್ಕೊಳ್ಳೋದಾ, ಗುಜರಿಗೆ ಹಾಕೋದಾ?

ಕಿನ್ನಾಳ_ಬಣ್ಣ
ಎಲ್ಲಾರ್ಗೂ ನಮಸ್ಕಾರ್ರಿ. ನಮ್ ಸೋದರಮಾವಂದು ಗಂಗಾವತ್ಯಾಗ ಸ್ಟುಡಿಯೋ ಇತ್ತು, ಮದುವಿ, ಶಾಲಿ ಗ್ರೂಪ್ ಫೋಟೋ, ಪಾಸ್‌ಪೋರ್ಟ್ ಸೈಜು ಎಲ್ಲಾ ತೆಗಿತಿದ್ರು, ಡಿಜಿಟಲ್ ಬಂದ್ ಮ್ಯಾಲೆ ಜೆರಾಕ್ಸ್ ಅಂಗಡಿ ಆತು, ಈಗ ಅದೂ ಬಂದ್. ಮಳಿಗಿ ಖಾಲಿ ಮಾಡೋ ಮುಂದ ಒಂದು ತಗಡಿನ ಡಬ್ಬಿ ಸಿಕ್ಕೈತಿ, ಅದ್ರಾಗ ಫೋಟೋ ತೆಗಿಯೋ ಮುಂದ ಬೆಳಕು ಎಷ್ಟೈತಿ ಅಂತ ಅಳಿಯೋ ಮೀಟರ್ ಇವಿಷ್ಟು ಅದಾವು: ಚರ್ಮದ ಚೀಲದಾಗ ವೆಸ್ಟನ್ ಮಾಸ್ಟರ್ 2 ಅಂತ ಒಂದು, ರಷ್ಯಾದ್ದು ಲೆನಿನ್‌ಗ್ರಾಡ್ 4 ಅಂತ ಒಂದು, ಗೋಸ್ಸೆನ್ ಲೂನಾಸಿಕ್ಸ್ 3 ಒಂದು, ಇದ್ರ ಬ್ಯಾಟರಿ ಮನಿಯಾಗ ಹಸ್ರು ಕಿಲುಬು ಹಿಡಿದೈತಿ. ಇನ್ನೊಂದು ಏನಂತ ನನಗ ತಿಳಿವಲ್ದು, ಬೆರಳುದ್ದದ ಚಪ್ಪಟೆ ಡಬ್ಬಿ, ಮುಳ್ಳಿಲ್ಲ ಬ್ಯಾಟರಿ ಇಲ್ಲ, ಕಣ್ಣಿಗೆ ಹಚ್ಚಿ ನೋಡಿದ್ರ ಒಳಗ ನಂಬರ್ ಕಾಣ್ತಾವು, ಒಂದ್ ಕಡೆ ಢಾಳಾಗಿ, ಇನ್ನೊಂದ್ ಕಡೆ ಮಂಕಾಗಿ.
ಗುಜರಿಯವ ಎಲ್ಲಾ ಸೇರ್ಸಿ 300 ಕೊಡ್ತೀನಿ ಅಂದ. ನಮ್ಮೂರ ಕ್ಯಾಮೆರಾ ರಿಪೇರಿಯವ್ರು ಒಬ್ರು ಕೈಯಾಗ ಹಿಡಿದೇ ನೋಡ್ಲಿಲ್ಲ, ಸೆಲೆನಿಯಮ್ ಅಂದ್ರ ವಯಸ್ಸಾದ್ ಮ್ಯಾಲೆ ಸತ್ತೇ ಹೋಗಿರ್ತೈತಿ ಅಂದ್ಬಿಟ್ರು. ಹೌದೇನ್ರಿ? ಮಾವ ಈಗ ಮಾತಾಡೋ ಹಂಗಿಲ್ಲ, ಕೇಳಾಕ ಬ್ಯಾರೆ ಯಾರೂ ಇಲ್ಲ.

ರಾಯಚೂರ್_ಬಿಸ್ಲು
ಮೊದ್ಲು ಗುಜರಿಯವ್ಗ ಇಲ್ಲ ಅಂತ ಹೇಳಿ ಬರ್ರಿ, ಆಮ್ಯಾಲೆ ಮುಂದಿನ ಮಾತು.
ಸೆಲೆನಿಯಮ್ ಮೀಟರ್ ಬ್ಯಾಟರಿ ಇಲ್ದ ನಡಿತದ. ಬೆಳಕು ಬಿದ್ರ ಸೆಲ್ಲೇ ಸಣ್ಣಂದು ಕರೆಂಟ್ ಹುಟ್ಟಿಸ್ತದ, ಆ ಕರೆಂಟಿಗೆ ಮುಳ್ಳು ಏಳ್ತದ, ಅಷ್ಟೇ ಅದ್ರ ಗುಟ್ಟು. ವೆಸ್ಟನ್ ಕಂಪನಿಯವ್ರು ಮೂಲತಃ ವೋಲ್ಟ್ ಮೀಟರ್ ಆಂಪ್ ಮೀಟರ್ ಮಾಡೋರು, 1932ರಾಗ 617 ಅಂತ ಮೊದಲನೇ ಫೋಟೋ ಮೀಟರ್ ಬಿಟ್ರು, ಮಾಸ್ಟರ್ ಸಾಲು ಶುರುವಾಗಿದ್ದು 1939ಕ್ಕ, ನಿಮ್ ಮಾಸ್ಟರ್ 2 ಯುದ್ಧ ಮುಗಿದ ಮ್ಯಾಲಿಂದು. ಅದ್ರ ಮ್ಯಾಲೆ ಎನ್‌ಫೀಲ್ಡ್ ಅಂತ ಇದ್ರ ಇಂಗ್ಲೆಂಡಿನ ಸಾಂಗಾಮೊ ವೆಸ್ಟನ್ ಮಾಡಿದ್ದು, ನೆವಾರ್ಕ್ ಅಂತ ಇದ್ರ ಅಮೆರಿಕಾದ್ದು. ನಮ್ ಕಡೆ ಸಿಗೋವು ಹೆಚ್ಚಿನವು ಇಂಗ್ಲೆಂಡಿನವೇ.
ಸತ್ತದೋ ಬದುಕ್ಯದೋ ಅಂಗಡ್ಯಾಗ ನಿಂತೇ ನೋಡಬಹುದು. ಮೀಟರಿನ ಬೆಳಕು ಬೀಳೋ ಕಣ್ಣಿನ ಮ್ಯಾಲೆ ಅಂಗೈ ಮುಚ್ರಿ, ಮುಳ್ಳು ಸೊನ್ನಿಗೆ ಬರಬೇಕು. ಬರ್ಲಿಲ್ಲ ಅಂದ್ರ ಗಾಬರಿ ಬ್ಯಾಡ, ಸೊನ್ನಿ ತಿದ್ದೋ ಸಣ್ಣ ಸ್ಕ್ರೂ ಇರ್ತದ. ಹಂಗೇ ಮುಚ್ಕೊಂಡು ಮೀಟರನ್ನ ಎಡಕ್ಕ ಬಲಕ್ಕ ತಲಿಕೆಳಗ ತಿರುಗ್ಸ್ರಿ, ಮುಳ್ಳು ಜಾಗಾ ಬಿಟ್ಟು ಭಾಳ ಓಡಾಡಿದ್ರ ಒಳಗ ಬ್ಯಾಲೆನ್ಸ್ ಹೋಗ್ಯದ ಅಥವಾ ಯಾರೋ ಕೆಳಗ ಬೀಳ್ಸ್ಯಾರ ಅಂತ ಅರ್ಥ. ಈ ಎರಡು ಪಾಸಾದ್ರ ಬಿಸಿಲಿಗೆ ತಗೊಂಡ್ ಹೋಗ್ರಿ. ಮೋಡ ಇಲ್ದ ದಿನ, 11ರಿಂದ 3ರ ಒಳಗ, ಸೂರ್ಯ ಬೆನ್ನಿಗೆ ಇರಬೇಕು, ಎದುರಿಗೆ ಬೂದಿ ಬಣ್ಣದ್ದು ಏನಾರ ಇರ್ಲಿ, ಹಳೇ ಸಿಮೆಂಟ್ ಗ್ವಾಡಿ ನಡಿತದ. 100 ಎಎಸ್‌ಎ ಸ್ಪೀಡಿನ ಫಿಲ್ಮಿಗೆ ಅಪರ್ಚರ್ (ಲೆನ್ಸಿನ ಕಿಂಡಿ, ಅಂಕಿ ಏರಿದಂಗ ಸಣ್ಣದು) ಎಫ್ 16, ಶಟರ್ 1/125 ಸೆಕೆಂಡ್ ಹತ್ರ ತೋರಿಸ್ಬೇಕು. ಆಕಾಶಕ್ಕ ಹಿಡಿಬ್ಯಾಡ್ರಿ, ಸೂರ್ಯನ ಕಡೆಯಂತೂ ಬ್ಯಾಡೇ ಬ್ಯಾಡ.

ಫಿಲ್ಮ್_ಹುಡುಗ
ಸಿಂಧನೂರಿಂದ. ಅಣ್ಣಾ ಬ್ಯಾಸರ ಮಾಡ್ಕೋಬ್ಯಾಡ್ರಿ, ಇದೆಲ್ಲಾ ಯಾಕ ಬೇಕು? ನಾನೂ ಫಿಲ್ಮ್ ಹಾಕ್ತೀನಿ, ಫೋನ್‌ನ್ಯಾಗ ಫ್ರೀ ಆಪ್ ಅದ, ಬಟನ್ ಒತ್ತಿದ್ರ ಶಟರ್ ಅಪರ್ಚರ್ ಎರಡೂ ಹೇಳ್ತದ, ಕಿಲುಬು ಇಲ್ಲ ಗಿಲುಬು ಇಲ್ಲ. ಶೋಕೇಸ್‌ನ್ಯಾಗ ಇಡಾಕಾದ್ರ ಸರಿ.

ಹಂಪಿ_ನೆಳ್ಳು
ತಮ್ಮಾ, ಆಪ್ ತಪ್ಪಲ್ಲ, ನಾನೂ ಬಳಸ್ತೀನಿ. ಆದ್ರೆ ನಿನ್ನ ಆಪ್ ಫೋನ್ ಕ್ಯಾಮೆರಾದಿಂದ ನೋಡ್ತೈತೆ, ಅಂದ್ರೆ ವಸ್ತುವಿನ ಮೇಲೆ ಬಿದ್ದು ವಾಪಸ್ ಬರೋ ಬೆಳಕು. ಅದಕ್ಕೆ ಕಂಡಿದ್ದೆಲ್ಲಾ ಬೂದಿ ಅಂತಾನೇ ಅನ್ಕೊಳ್ಳೋದು. ನಿಮ್ ಕಡೆ ಹತ್ತಿ ಬಿಡಿಸೋರ ಫೋಟೋ ತೆಗೆದು ನೋಡು, ಇಡೀ ಫ್ರೇಮ್ ಬಿಳಿ ಹತ್ತಿ ಇದ್ದಾಗ ಅದು ಹೇಳಿದಂಗೆ ಬಿಟ್ರೆ ಹತ್ತಿ ಮಣ್ಣಿನ ಬಣ್ಣ ಆಗಿ ಹೆಣ್ಮಕ್ಕಳ ಮುಖ ಇದ್ಲಿ ಆಗಿರ್ತಾವೆ. ಒಂದೂವರೆ ಎರಡು ಸ್ಟಾಪ್ ಜಾಸ್ತಿ ಬಿಡ್ಬೇಕು, ಒಂದು ಸ್ಟಾಪ್ ಅಂದ್ರೆ ಬೆಳಕು ಡಬಲ್. ಅದೇ ಬಿತ್ತನೆ ಮುಂಚೆ ಎರೆ ಹೊಲ ಇಟ್ಕೋ, ಕರಿ ಮಣ್ಣು, ಆಗ ಉಲ್ಟಾ, ಸುಮ್ನೆ ಜಾಸ್ತಿ ಬೆಳಕು ಬಿಡು ಅಂತೈತೆ, ಕಮ್ಮಿ ಮಾಡ್ಬೇಕು. ಹಳೇ ಕೈ ಮೀಟರ್‌ನಾಗೂ ಇದೇ ಕಥೆ, ಅದೇನು ದೇವ್ರಲ್ಲ. ಆದ್ರೆ ಅದಕ್ಕೆ ಬಿಳಿ ಗೊಪ್ಪಿ ಹಾಕಿದ್ರೆ ವಿಷಯ ಬೇರೆ ಆಗ್ತೈತೆ, ಮುಖದ ಹತ್ರ ಹೋಗಿ ಕ್ಯಾಮೆರಾ ಕಡೆ ತಿರುಗ್ಸಿ ಹಿಡಿದ್ರೆ ಮುಖದ ಮೇಲೆ ಬೀಳೋ ಬೆಳಕನ್ನೇ ಅಳಿತೈತೆ, ಹತ್ತಿ ಬಿಳೀನೋ ಮಣ್ಣು ಕರಿನೋ ಅದಕ್ಕೆ ಸಂಬಂಧ ಇಲ್ಲ. ವೆಸ್ಟನ್‌ಗೆ ಇನ್ವರ್ಕೋನ್ ಅಂತ ಬರ್ತಿತ್ತು. ಕೊಪ್ಪಳದೋರೇ, ಡಬ್ಬಿ ತಳದಾಗ ಹಾಲಿನ ಬಣ್ಣದ ಸಣ್ಣ ಪ್ಲಾಸ್ಟಿಕ್ ತುಂಡು ಬಿದ್ದೈತೇನು ಹುಡುಕ್ರಿ. ಎಷ್ಟೋ ಮನೆಯಾಗ ಅದನ್ನ ಯಾವುದೋ ಬಾಟ್ಲಿ ಮುಚ್ಚಳ ಅಂತ ಕಸಕ್ಕೆ ಹಾಕಿರ್ತಾರೆ.

ರಾಯಚೂರ್_ಬಿಸ್ಲು
ಅಕ್ಕಾರು ಹೇಳಿದ್ದು ನೂರಕ್ಕ ನೂರು. ಆ ಅರ್ಧಗೋಲದ ಗೊಪ್ಪಿ ವಿಚಾರ ಡಾನ್ ನಾರ್ವುಡ್ ಅನ್ನೋ ಅಮೆರಿಕಾದವ್ರದು, ಪೇಟೆಂಟ್ 1940ಕ್ಕ ಸಿಕ್ತು, ಅವ್ರ ನಾರ್ವುಡ್ ಡೈರೆಕ್ಟರ್ ಮೀಟರೇ ಕೈ ಬದಲಾಗ್ತಾ ಬದಲಾಗ್ತಾ ಕೊನಿಗೆ ಜಪಾನಿನ ಸೆಕೋನಿಕ್ ಆತು. ಸಿನಿಮಾ ಶೂಟಿಂಗ್‌ನ್ಯಾಗ ಕ್ಯಾಮೆರಾಮನ್ ಕೊಳ್ಳಾಗ ತೂಗಾಡ್ತಿತ್ತಲ್ಲ ಬಿಳಿ ಗುಂಡಿನ ಮೀಟರ್, ಸೆಕೋನಿಕ್ ಎಲ್ 398, ಅದೇ ವಂಶ. ನನ್ ಹತ್ರ ಇರೋ ಅಷ್ಟೂ ಮೀಟರ್‌ನ್ಯಾಗ ದಿನಾ ಕೆಲಸಕ್ಕ ಬರೋದು ಇದೊಂದೇ. ಉಳಿದವು ನೋಡಾಕ ಚಂದ.

ಮುಳ್ಳು_ಅಲ್ಲಾಡ್ತೈತೆ
ಬಳ್ಳಾರಿ. ಫ್ಯಾಕ್ಟರಿ ಇನ್‌ಸ್ಟ್ರುಮೆಂಟ್ ಸೆಕ್ಷನ್‌ನಾಗೆ ಕೆಲಸ ಮಾಡಿ ರಿಟೈರ್ ಆದೋನು ನಾನು. ಫೋಟೋ ನನಗೆ ಗೊತ್ತಿಲ್ಲ, ಮೀಟರ್ ಗೊತ್ತು.
ಸೆಲೆನಿಯಮ್ ಸೆಲ್ ವಯಸ್ಸಾಗಿ ಸಾಯ್ತೈತೆ ಅನ್ನೋದು ಅರ್ಧ ನಿಜ. ಅದನ್ನ ಕೊಲ್ಲೋದು ಮುಖ್ಯವಾಗಿ ಎರಡು, ಒಂದು ತೇವ, ಇನ್ನೊಂದು ಕಾವು. ಸೆಲ್ ಅಂಚಿನ ವಾರ್ನಿಷ್ ಬಿರುಕು ಬಿಟ್ಟು ಒಳಗೆ ತೇವ ಹೋದ್ರೆ ಕೆಲಸ ಮುಗೀತು. ಸಮುದ್ರದ ಕಡೆ ಊರಿಂದ ಬಂದ ಮೀಟರ್ ಹಿಂಗೆ ಹೋಗಿರ್ತಾವೆ. ನಮ್ ಬಳ್ಳಾರಿ ರಾಯಚೂರು ಒಣ ಹವಾ, ಆ ಲೆಕ್ಕಕ್ಕೆ ನಾವು ಅದೃಷ್ಟವಂತ್ರು. ಆದ್ರೆ ಏಪ್ರಿಲ್ ಮೇನಾಗೆ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟು ಊಟಕ್ಕೆ ಹೋದ್ರಿ ಅಂದ್ರೆ ಅದೃಷ್ಟ ಅಲ್ಲಿಗೇ ಖಲಾಸ್. ಕಾವಿಗೆ ಒಮ್ಮೆ ಹಾಳಾದ ಸೆಲ್ ಮತ್ತೆ ವಾಪಸ್ ಬರಲ್ಲ.
ಇನ್ನ ಉಳಿದರ್ಧ. ಸತ್ತೈತೆ ಅಂತ ಎಸೆಯೋ ಮೀಟರ್‌ನಾಗೆ ಎಷ್ಟೋ ಸತ್ತಿರಲ್ಲ, ಸೆಲ್ಲಿಗೆ ಒತ್ತಿಕೊಂಡಿರೋ ಸ್ಪ್ರಿಂಗ್ ಕಾಂಟ್ಯಾಕ್ಟ್ ಕಪ್ಪಾಗಿರ್ತೈತೆ, ಕರೆಂಟ್ ಮುಳ್ಳಿನ ತನಕ ಹೋಗ್ತಾ ಇರಲ್ಲ. ಬಿಚ್ಚಿ, ಕಾಂಟ್ಯಾಕ್ಟನ್ನ ಪೆನ್ಸಿಲ್ ರಬ್ಬರ್‌ನಿಂದ ತಿಕ್ಕಿ, ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿದ್ರೆ ಸಾಕು. ತಿಕ್ಕೋದು ಲೋಹದ ಕಾಂಟ್ಯಾಕ್ಟ್ ಮಾತ್ರ, ಸೆಲ್ ಮುಖ ಮುಟ್ಟಬಾರ್ದು, ಅದ್ರ ಮೇಲೆ ಬೆಳಕು ದಾಟೋ ಅಷ್ಟು ತೆಳ್ಳಗೆ ಲೋಹದ ಪದರ ಇರ್ತೈತೆ, ಉಗುರು ತಾಗಿದ್ರೂ ಹೋಗ್ತೈತೆ. ಇನ್ನೊಂದು, ಮಲ್ಟಿಮೀಟರ್ ಓಮ್ಸ್‌ನಾಗಿಟ್ಟು ಮುಳ್ಳಿನ ಕಾಯಿಲ್ ಚೆಕ್ ಮಾಡಕ್ಕೆ ಹೋಗ್ಬೇಡ್ರಿ, ಆ ಮೀಟರ್ ಒಳಗಿನ ಬ್ಯಾಟರಿ ಕರೆಂಟಿಗೇ ಮುಳ್ಳು ಆ ಕಡೆ ಹೋಗಿ ಬಡಿದು ಬಗ್ಗಿಹೋಗ್ತೈತೆ. ಸೆಲ್ ಬೇರೆ ತೆಗೆದು ಬಿಸಿಲಿಗೆ ಹಿಡಿದು ಮೈಕ್ರೋ ಆಂಪ್‌ನಾಗೆ ನೋಡ್ರಿ.

ಕಿನ್ನಾಳ_ಬಣ್ಣ
ಎಲ್ಲಾರ್ಗೂ ಭಾಳ ಥ್ಯಾಂಕ್ಸ್. ಇವತ್ತು ಮಧ್ಯಾಹ್ನ ಮಾಳಿಗಿ ಮ್ಯಾಲೆ ಹೋಗಿ ನೋಡಿದೆ. ಲೆನಿನ್‌ಗ್ರಾಡ್ ಮುಳ್ಳು ಸಲೀಸಾಗಿ ಏಳ್ತೈತಿ ಇಳಿತೈತಿ, ಆದ್ರ ಬಿಸಿಲಾಗೂ ನೆಳ್ಳಾಗೂ ಒಂದು ಸ್ಟಾಪ್ ಕಮ್ಮೀನೇ ತೋರಿಸ್ತೈತಿ, ಮನಿ ಒಳಗ ಕಿಟಕಿ ಹತ್ರ ಹಿಡಿದ್ರೂ ಅಷ್ಟೇ. ವೆಸ್ಟನ್ ಏಳ್ತೈತಿ, ಆದ್ರ ಮಧ್ಯದಾಗ ಒಂದು ಜಾಗಾದಾಗ ನಿಂತ್‌ಬಿಡ್ತೈತಿ, ಬೆರಳಿನಿಂದ ಗಾಜಿಗೆ ತಟ್ಟಿದ್ರ ಮುಂದ ಹೊಕ್ಕೈತಿ. ಪ್ರತಿ ಸಲ ಅದೇ ಜಾಗಾ. ಮತ್ತ ಅಕ್ಕಾರ, ಬಿಳಿ ಪ್ಲಾಸ್ಟಿಕ್ ಗೊಪ್ಪಿ ಸಿಕ್ತು! ಚರ್ಮದ ಚೀಲದ ಬಾರಿಗೆ ಸಣ್ಣ ಪರ್ಸಿನಂಗ ಒಂದು ಇತ್ತು, ಅದ್ರಾಗ.

ಮುಳ್ಳು_ಅಲ್ಲಾಡ್ತೈತೆ
ಲೆನಿನ್‌ಗ್ರಾಡ್ ಬಗ್ಗೆ ಚಿಂತೆ ಬಿಡ್ರಿ. ತಪ್ಪು ಎಲ್ಲಾ ಕಡೆ ಒಂದೇ ಅಳತೆ ಇದ್ರೆ ಅದು ತಪ್ಪೇ ಅಲ್ಲ, ಫಿಲ್ಮ್ ಸ್ಪೀಡ್ ಡಯಲನ್ನ ಒಂದು ಸ್ಟಾಪ್ ಆ ಕಡೆ ಇಟ್ರೆ ಲೆಕ್ಕ ಸರಿಹೋಗ್ತೈತೆ. ಬಿಸಿಲಿಗೆ ಸರಿ ತೋರ್ಸಿ ನೆಳ್ಳಿಗೆ ಎರಡು ಸ್ಟಾಪ್ ಸುಳ್ಳು ಹೇಳೋ ಮೀಟರ್ ಇರ್ತಾವೆ ನೋಡ್ರಿ, ಅವನ್ನ ಶೋಕೇಸಿಗೆ ಕಳಿಸ್ಬೇಕು.
ವೆಸ್ಟನ್ ಒಂದೇ ಜಾಗಾದಾಗೆ ನಿಲ್ತೈತೆ ಅಂದ್ರೆ ಮ್ಯಾಗ್ನೆಟ್ ಸಂದಿನಾಗೆ ಕಸ ಸಿಕ್ಕೈತೆ. ಕಾಯಿಲ್ ಸುತ್ತ ಇರೋ ಸಂದು ಕೂದಲೆಳೆ ಅಷ್ಟು, ಅದ್ರಾಗೆ ಒಂದು ಕಬ್ಬಿಣದ ಪುಡಿ ನಿಂತ್ರೂ ಅಷ್ಟೇ, ಮ್ಯಾಗ್ನೆಟ್ ಬಿಡೋದೂ ಇಲ್ಲ.

ಬೆಂಗ್ಳೂರಲ್ಲಿರೋ_ಬಳ್ಳಾರಿ
ನಮ್ಮೂರಲ್ಲಿ ಇನ್ನೇನ್ ಸಿಗುತ್ತೆ ಹೇಳಿ, ಸಂಡೂರು ಅದಿರಿನ ಧೂಳೇ ಇರ್ಬೇಕು 😄 ಲಾರಿ ಓಡಾಡೋ ಕಾಲದಲ್ಲಿ ಹೊಸಪೇಟೆ ರೋಡಲ್ಲಿ ಬಿಳಿ ಶರ್ಟ್ ಹಾಕ್ಕೊಂಡು ಬೈಕಲ್ಲಿ ಹೋದ್ರೆ ಮನೆಗೆ ಬರೋಷ್ಟರಲ್ಲಿ ಕಾವಿ ಆಗಿರ್ತಿತ್ತು, ಮೀಟರ್ ಒಳಗೆ ಹೋಗದೆ ಇರುತ್ತಾ.

ಮುಳ್ಳು_ಅಲ್ಲಾಡ್ತೈತೆ
ಎಲ್ಲಾರೂ ಹಂಗೇ ಅಂತಾರೆ. ಸಂಡೂರು ಹೊಸಪೇಟೆ ಅದಿರು ಹೆಚ್ಚಿನಂಶ ಹೆಮಟೈಟು, ಅದು ಮ್ಯಾಗ್ನೆಟ್ಟಿಗೆ ಅಷ್ಟು ಸುಲಭಕ್ಕೆ ಅಂಟಲ್ಲ, ಅಂಟೋದು ಮ್ಯಾಗ್ನೆಟೈಟು. ಕೆಂಪು ಧೂಳು ಒಳಗೆ ಹೋದ್ರೆ ಪಿವಟ್‌ನಾಗೆ ಮರಳಿನಂಗೆ ಉಜ್ಜೋದು ನಿಜ, ಆದ್ರೆ ಸಂದಿನಾಗೆ ಕಚ್ಕೊಂಡು ಕೂರೋದು ಸಾಮಾನ್ಯವಾಗಿ ರಿಪೇರಿ ಟೇಬಲ್ ಮೇಲಿನ ಅರದ ಪುಡಿ, ಡ್ರಿಲ್ ಪುಡಿ. ಹಿಂದೆ ಯಾರೋ ಇದನ್ನ ಬಿಚ್ಚಿದಾರೆ ಅಂತ ನನ್ ಅನುಮಾನ. ಸ್ಕ್ರೂ ತಲೆ ನೋಡ್ರಿ, ಗೀರು ಬಿದ್ದಿದ್ರೆ ಗೊತ್ತಾಗ್ತೈತೆ.
ತೆಗೆಯೋದು ಹೆಂಗೆ ಅಂದ್ರೆ, ಸೆಲ್ಲೋಟೇಪನ್ನ ಕಡ್ಡಿಯಷ್ಟು ಸಣ್ಣಗೆ ಕತ್ತರಿಸಿ ಅದ್ರ ಅಂಟಿನ ಅಂಚನ್ನ ಸಂದಿನಾಗೆ ಹಗುರಕ್ಕೆ ಇಳಿಸಿ ಎಳೀಬೇಕು, ಪುಡಿ ಅದಕ್ಕೆ ಅಂಟಿ ಬರ್ತೈತೆ. ಊದಬೇಡ್ರಿ, ಬಾಯಿ ತೇವ ಹೋಗ್ತೈತೆ. ಕಬ್ಬಿಣದ ಚಿಮಟ ಹತ್ರ ತರಬೇಡ್ರಿ, ಮ್ಯಾಗ್ನೆಟ್ ಅದನ್ನ ಎಳ್ಕೊಂಡು ಕೂದಲಿನಂಥ ಸ್ಪ್ರಿಂಗ್ ಮೇಲೇ ಕೆಡವ್ತೈತೆ, ಹಿತ್ತಾಳೆದು ಇದ್ರೆ ಬಳಸ್ರಿ. ಕೆಳಗೆ ಬಿಳಿ ಹಾಳೆ ಹಾಸ್ಕೊಳ್ರಿ, ಫ್ಯಾನ್ ಬಂದ್ ಮಾಡ್ರಿ. ಕೈ ನಡುಗೋರು ಮಾಡಬೇಡ್ರಿ, ನನಗೆ ಕಳಿಸ್ರಿ, ದುಡ್ಡು ಬೇಡ.

ಹಂಪಿ_ನೆಳ್ಳು
ಮಾಸ್ಟರ್ 2 ಬಳಸೋ ಮುಂಚೆ ಇನ್ನೊಂದು ನೆನಪಿಡ್ರಿ, ಅದ್ರಾಗಿರೋದು ಎಎಸ್‌ಎ ಅಲ್ಲ, ವೆಸ್ಟನ್‌ದೇ ಸ್ವಂತ ಸ್ಕೇಲು. ಎಎಸ್‌ಎ 100 ಅಂದ್ರೆ ವೆಸ್ಟನ್ 80, ಎಎಸ್‌ಎ 125 ಅಂದ್ರೆ ವೆಸ್ಟನ್ 100, ಹಿಂಗೆ ಒಂದು ಗೀಟು ಹಿಂದೆ. ಮಾಸ್ಟರ್ 3ರಿಂದ ಎಎಸ್‌ಎ ಬಂತು. ಇದು ಗೊತ್ತಿಲ್ದೆ ಎಷ್ಟೋ ಜನ ಮೀಟರ್ ತಪ್ಪು ತೋರಿಸ್ತೈತೆ ಅಂತ ಬಿಚ್ಚಿ ಹಾಳು ಮಾಡಿದಾರೆ.
ಆ ಡಯಲ್ ಮೇಲೆ ಬಾಣದ ಗುರ್ತಿನ ಜೊತೆಗೆ ಯು, ಎ, ಸಿ, ಓ ಅಂತ ಇಂಗ್ಲಿಷ್ ಅಕ್ಷರ ಅದಾವೆ ನೋಡ್ರಿ. ಫ್ರೇಮ್‌ನಾಗೆ ಭಾಳ ಕರಿ ಇರೋದನ್ನ ಹತ್ರದಿಂದ ಅಳೆದಾಗ ಯು ಗುರ್ತಿನ ಕೆಳಗೆ ಹೋದ್ರೆ ಅಲ್ಲಿ ನೆಗೆಟಿವ್‌ನಾಗೆ ಏನೂ ಉಳಿಯಲ್ಲ, ಭಾಳ ಬಿಳಿ ಇರೋದು ಓ ದಾಟಿದ್ರೆ ಆ ಕಡೆ ಹೋಯ್ತು. ಹಂಪಿ ಬಂಡೆ ಬಿಸಿಲಾಗೆ, ಮಂಟಪದ ಒಳಗಿನ ಕಂಬ ನೆಳ್ಳಾಗೆ, ಎರಡೂ ಒಂದೇ ಫೋಟೋದಾಗೆ ಬೇಕು ಅಂತ ಆಸೆ ಬೀಳೋರಿಗೆ ಇದಕ್ಕಿಂತ ಒಳ್ಳೆ ಮೇಷ್ಟ್ರು ಇಲ್ಲ. ಮುಂಚೇನೇ ಹೇಳ್ತೈತೆ, ಆಗಲ್ಲ ಹೋಗು ಅಂತ.

ಫಿಲ್ಮ್_ಹುಡುಗ
ಸರಿ ಸರಿ ಒಪ್ಕೊಂಡೆ ಅಕ್ಕ. ಆ ಮುಳ್ಳಿಲ್ದ ಡಬ್ಬಿ ಏನು ಅಂತ ಯಾರೂ ಹೇಳ್ಲಿಲ್ಲಲ್ಲ?

ರಾಯಚೂರ್_ಬಿಸ್ಲು
ನಾನು ಅದಕ್ಕೇ ಕಾಯ್ಲಿಕತ್ತಿದ್ದೆ. ಅದು ಎಕ್ಸ್‌ಟಿಂಕ್ಷನ್ ಮೀಟರ್. ನೀವು ಬರ್ದದ್ದು ನೋಡಿದ್ರ ಲ್ಯೂಡಿ ಇದ್ದಂಗದ, ಜರ್ಮನಿದು. ಒಳಗ ಮೆಟ್ಟಿಲು ಮೆಟ್ಟಿಲಾಗಿ ಕಪ್ಪಾಗ್ತಾ ಹೋಗೋ ಪಟ್ಟಿ ಇರ್ತದ, ಅದ್ರ ಮ್ಯಾಲೆ ನಂಬರು. ಕಣ್ಣಿಗೆ ಹಚ್ಚಿ ನೋಡಿ, ಕಟ್ಟಕಡೀಗೆ ಓದ್ಲಿಕ್ಕ ಬರೋ ನಂಬರ್ ಯಾವುದು ಅಂತ ಹಿಡಿದು, ಹೊರಗಿನ ಪಟ್ಟಿ ಅದಕ್ಕ ಸರಿಸಿದ್ರ ಶಟರ್ ಅಪರ್ಚರ್ ಸಿಗ್ತಾವ. ವೆಸ್ಟನ್ ಕೊಳ್ಳಾಕ ಆಗ್ದೋರು ಇದನ್ನ ತಗೊಂತಿದ್ರು. ಆಸ್ಟ್ರಿಯಾದ ಡ್ರೆಮ್ ಕಂಪನಿದು ಜಸ್ಟೋಫಾಟ್ ಅಂತ ಇದೇ ಜಾತಿದು ಹಿತ್ತಾಳಿ ಕೊಳವಿ ಬರ್ತಿತ್ತು.
ಇದ್ರ ತೊಂದ್ರಿ ಏನಂದ್ರ ಇಲ್ಲಿ ಮೀಟರ್ ಅಂದ್ರ ನಿಮ್ ಕಣ್ಣೇ. ರಾಯಚೂರು ಬಿಸಿಲಾಗಿಂದ ನೇರ ಬಂದು ಕಣ್ಣಿಗೆ ಹಚ್ಚಿದ್ರ ಎರಡೇ ನಂಬರ್ ಕಾಣ್ತಾವ, ಒಂದರ್ಧ ನಿಮಿಷ ಹಂಗೇ ಹಿಡಿದ್ರ ಕಣ್ಣಿನ ಗೊಂಬಿ ಅಗಲ ಆಗಿ ಇನ್ನೂ ಎರಡು ಕಾಣ್ತಾವ. ಯಾವುದು ನಿಜ? ಅದಕ್ಕ ಪ್ರತಿ ಸಲಾನೂ ಒಂದೇ ಲೆಕ್ಕ ಎಣಿಸಿ ಓದಬೇಕು, ಅಭ್ಯಾಸ ಆದ್ರ ಬಿಸಿಲಾಗ ನಡಿತದ. ಸಂಜಿ ಮುಂದ ನಂಬಬ್ಯಾಡ್ರಿ.
ಇದಕ್ಕೂ ಹಿಂದಿನವು ಇನ್ನೂ ಮಜಾ ಅವ. ಆಲ್ಫ್ರೆಡ್ ವಾಟ್ಕಿನ್ಸ್ ಅಂತ ಇಂಗ್ಲೆಂಡಿನ ಹೆರ್‌ಫರ್ಡ್‌ನವ್ರು, ಅವ್ರದು ಬೀ ಮೀಟರ್ ಅಂತ, ನೋಡಾಕ ಥೇಟ್ ಕಿಸೆ ಗಡಿಯಾರ. ಒಳಗ ಬೆಳಕಿಗೆ ಕಪ್ಪಾಗೋ ಕಾಗದ, ಪಕ್ಕದಾಗ ಬಣ್ಣ ಹಚ್ಚಿದ ತುಂಡು. ಕಾಗದ ಆ ಬಣ್ಣಕ್ಕ ಬರಾಕ ಎಷ್ಟು ಸೆಕೆಂಡ್ ಹಿಡೀತು ಅಂತ ಎಣಿಸೋದು, ಡಯಲ್ ತಿರುಗ್ಸೋದು. ಆವಾಗಿನ ಪ್ಲೇಟುಗಳೂ ನೀಲಿ ಬೆಳಕನ್ನಷ್ಟೇ ಹೆಚ್ಚು ನೋಡ್ತಿದ್ವು, ಈ ಕಾಗದಾನೂ ಹಂಗೇ, ಅದಕ್ಕೇ ಲೆಕ್ಕ ಸರಿ ಬರ್ತಿತ್ತು. ಈಗಿನ ಫಿಲ್ಮಿಗೆ ಸಂಜಿ ಕೆಂಪು ಬೆಳಕಿನ್ಯಾಗ ಅದು ಪೂರಾ ದಾರಿ ತಪ್ಪಸ್ತದ. ವಿನ್ ಅಂತ ಇನ್ನೊಬ್ರು 1893ರಾಗ ಇದೇ ತರಹದ್ದು ಬಿಟ್ಟು ಅದಕ್ಕ ಇನ್‌ಫಾಲಿಬಲ್ ಅಂತ ಹೆಸ್ರು ಇಟ್ರು, ಧೈರ್ಯ ನೋಡ್ರಿ ಅವ್ರದು.

ಹಂಪಿ_ನೆಳ್ಳು
ಅದಕ್ಕೂ ಮುಂಚೆ ಏನೂ ಇರ್ಲಿಲ್ಲ ಅನ್ನೋದು ಮರೀಬಾರ್ದು. 1856ರಾಗೆ ಅಲೆಕ್ಸಾಂಡರ್ ಗ್ರೀನ್ಲಾ ಅನ್ನೋ ಬ್ರಿಟಿಷ್ ಸೈನ್ಯದ ಅಧಿಕಾರಿ ಹಂಪಿನ ಮೇಣ ಹಚ್ಚಿದ ಕಾಗದದ ನೆಗೆಟಿವ್ ಮೇಲೆ ತೆಗೆದ್ರು, ಶಟರ್ ಇಲ್ಲ ಮೀಟರ್ ಇಲ್ಲ, ಮುಚ್ಚಳ ತೆಗೆದು ನಿಮಿಷಗಟ್ಟಲೆ ಕಾಯೋದು. ಆ ಪ್ರಿಂಟ್‌ನಾಗೆ ವಿಠ್ಠಲ ಗುಡಿ ಕಲ್ಲಿನ ತೇರಿನ ಮೇಲೆ ಇಟ್ಟಿಗೆ ಗೋಪುರ ಇನ್ನೂ ಕಾಣ್ತೈತೆ, ಈಗ ಅದು ಇಲ್ಲ. ಎಷ್ಟು ಹೊತ್ತು ಬಿಡ್ಬೇಕು ಅಂತ ಕೈ ಅಂದಾಜಿನ ಮೇಲೇ ತಿಳ್ಕೊಂಡಿದ್ರಲ್ಲ ಆ ಮನುಷ್ಯ.

ಕಿನ್ನಾಳ_ಬಣ್ಣ
ಕೈ ಅಂದಾಜು ಅಂದದ್ದಕ್ಕ ನೆನಪಾತು. ಡಬ್ಬಿ ಮುಚ್ಚಳದ ಒಳಗ ಮಾವ ಒಂದು ರಟ್ಟು ಅಂಟಿಸ್ಯಾರ, ಊಟಿ ಕಂಪನಿಯ 'ಇಂದು' ಅನ್ನೋ ಫಿಲ್ಮ್ ರೋಲಿನ ಡಬ್ಬಿ ಹರಿದು ಮಾಡಿದ್ದು, ನೀಲಿ ಪೆನ್ನಿಂದ ಬರ್ದಾರ. ಇದು ಬೆಲಿ ಬಾಳೋದಲ್ಲ ಅಂತ ಮೊದ್ಲ ಹೇಳಿರ್ಲಿಲ್ಲ. ಇದ್ದಂಗ ಇಳಿಸ್ತೀನಿ:
22 ಡಿನ್. 125ರಾಗ ಇಡು.
ಬಯಲು, ಮಟಮಟ ಮಧ್ಯಾಹ್ನ 16
ರುಮಾಲು, ತಲಿ ಮ್ಯಾಲೆ ಸೆರಗು 8
ಬೇವಿನ ಗಿಡದ ಕೆಳಗ 5.6
ಗದ್ದಿ, ನೀರು ನಿಂತದ್ದು 22
ಗವಿಮಠದ ತೇರು, ಸಂಜಿ 8
ಗುಡಿ ಒಳಗ, ಸ್ಟ್ಯಾಂಡ್, ಹತ್ತು ಎಣಿಸು. ಪೂಜಾರಿಗೆ ಹೇಳು.

ರಾಯಚೂರ್_ಬಿಸ್ಲು
ಯಪ್ಪಾ, ಬೆಲಿ ಬಾಳೋದಲ್ಲಂತ! ಇಡೀ ಡಬ್ಬ್ಯಾಗ ನನಗ ಬೇಕಾದ್ದು ಇದೊಂದೇ ನೋಡ್ರಿ, ವೆಸ್ಟನ್ ಹತ್ತು ಸಿಗ್ತಾವ.
125ರಾಗ ಇಡು ಅಂದದ್ದು ಶಟರು, ಉಳಿದ ಅಂಕಿ ಅಪರ್ಚರು. ಡಿನ್ ಅಂದ್ರ ಜರ್ಮನಿಯ ಫಿಲ್ಮ್ ಸ್ಪೀಡ್ ಅಂಕಿ, 22 ಡಿನ್ ಅಂದ್ರ 125 ಎಎಸ್‌ಎ, ಬಹುಶಃ ಪೂರ್ವ ಜರ್ಮನಿ ಓರ್ವೋ ಎನ್‌ಪಿ 22 ಹಾಕ್ತಿದ್ರು. ಲೆಕ್ಕಾ ಎಷ್ಟು ಚೊಕ್ಕ ಅದ ನೋಡ್ರಿ, ಬಯಲಿಗೆ 16, ಗಿಡದ ನೆಳ್ಳಿಗೆ 5.6, ಸರಿಯಾಗಿ ಮೂರು ಸ್ಟಾಪ್. ಪುಸ್ತಕದಾಗ ಇರೋದೂ ಅದೇ.
ಪುಸ್ತಕದಾಗ ಇಲ್ಲದ್ದು ರುಮಾಲು. ನಾನು ಇಂಗ್ಲೆಂಡಿನ ಬರೋಸ್ ವೆಲ್ಕಮ್ ಕಂಪನಿ ಫೋಟೋ ಡೈರಿ ಒಂದು ಇಟ್ಟೀನಿ, ವರ್ಷಾ ವರ್ಷಾ ಬಿಡ್ತಿದ್ರು, ರಟ್ಟಿನ ಒಳಗಡಿ ತಿರುಗೋ ಚಕ್ರ ಅದ, ತಿಂಗಳು, ಹೊತ್ತು, ಹವಾ ಎಲ್ಲಾ ನೋಡಿ ತಿರುಗಿಸೋದು. ಆದ್ರ ಅದು ಹುಟ್ಟಿದ್ದು ಲಂಡನ್ ಕಡಿಯವ್ರ ಬಿಸಿಲಿಗೆ, ಅಲ್ಲಿ ನಡು ಬ್ಯಾಸಗಿಯಾಗೂ ಸೂರ್ಯ ನೆತ್ತಿಗೆ ಬರಂಗಿಲ್ಲ. ನಮ್ ರಾಯಚೂರು 16 ಡಿಗ್ರಿ ಅಕ್ಷಾಂಶ, ಮೇ ಶುರುವಿಗೆ ಒಮ್ಮಿ, ಆಗಸ್ಟ್‌ನ್ಯಾಗ ಇನ್ನೊಮ್ಮಿ ಸೂರ್ಯ ಸರೀ ನೆತ್ತಿ ಮ್ಯಾಲೆ, ನೆಟ್ಟ ಕೋಲಿಗೆ ನೆಳ್ಳೇ ಇರಂಗಿಲ್ಲ. ಆಗ ಬಯಲಿನ ಬೆಳಕಿಗೆ 16 ಸರಿ, ಆದ್ರ ರುಮಾಲಿನ ಕೆಳಗ ಕಣ್ಣು ಎರಡು ಗುಳಿ ಆಗಿರ್ತಾವ, ಮುಖ ಪೂರಾ ನೆಳ್ಳಾಗ. ಮದುವಿ ಫೋಟೋದಾಗ ಬೀಗರ ಮುಖಾನೇ ಕಾಣ್ಲಿಲ್ಲ ಅಂದ್ರ ರೊಕ್ಕ ಯಾರ್ ಕೊಡ್ತಾರ? ಅದಕ್ಕ ಎರಡು ಸ್ಟಾಪ್ ತೆಗದು 8. ಆಕಾಶ ಬೆಳ್ಳಗಾದ್ರ ಆಗ್ಲಿ, ಬೀಗರು ಕಾಣಬೇಕು.

ಮುಳ್ಳು_ಅಲ್ಲಾಡ್ತೈತೆ
ಗದ್ದೆಗೆ 22 ಅಂತ ಬರೆದಿದಾರೆ. ನೀರಿನ ಹೊಳಪಿಗೆ. ಗಂಗಾವತಿಯೋರೇ ಅದನ್ನ ಬರೆಯೋಕೆ ಸಾಧ್ಯ.

ಬೆಂಗ್ಳೂರಲ್ಲಿರೋ_ಬಳ್ಳಾರಿ
ಆ ರಟ್ಟನ್ನ ದಯವಿಟ್ಟು ಕೀಳ್ಬೇಡಿ, ಮುಚ್ಚಳದ ಸಮೇತ ಇಡಿ. ಚರ್ಮದ ಚೀಲ ಮಾತ್ರ ಬೇರೆ ಇಡಿ, ಮೀಟರ್ ಅದರೊಳಗೆ ಬೇಡ, ಚರ್ಮ ತೇವ ಹಿಡ್ಕೊಳ್ಳುತ್ತೆ, ಮಳೆಗಾಲದಲ್ಲಿ ಬೂಷ್ಟು ಬರುತ್ತೆ.
ಕೊಳ್ಳೋರಿಗೆ ನನ್ನದೊಂದು ಮಾತು. ಆನ್‌ಲೈನ್‌ನಲ್ಲಿ 'ಟೆಸ್ಟ್ ಮಾಡಿಲ್ಲ' ಅಂತ ಹಾಕಿದ್ರೆ ಟೆಸ್ಟ್ ಮಾಡಿ ಕೆಟ್ಟಿದೆ ಅಂತ ಗೊತ್ತಾದ್ಮೇಲೆ ಹಾಕಿದ್ದು ಅಂತ್ಲೇ ಓದ್ಕೊಳ್ಳಿ. 'ಮುಳ್ಳು ಅಲ್ಲಾಡುತ್ತೆ' ಅಂದ್ರೂ ಅಷ್ಟೇ, ಅಲ್ಲಾಡೋದು ಬೇರೆ, ಸರಿ ತೋರಿಸೋದು ಬೇರೆ (ಬಳ್ಳಾರಿ ಸರ್, ನಿಮ್ಮ ಹೆಸ್ರಿಗೆ ಹೇಳಿದ್ದಲ್ಲ ಇದು). ನೆಳ್ಳಲ್ಲಿ ಒಂದು, ಬಿಸಿಲಲ್ಲಿ ಒಂದು ವಿಡಿಯೋ ಕೇಳಿ, ಕೊಡಲ್ಲ ಅಂದ್ರೆ ಬಿಟ್ಬಿಡಿ. ಇಲ್ಲಿ ಚಿಕ್ಕಪೇಟೆ ಭಾನುವಾರದ ಸಂತೆಯಲ್ಲಿ ಆಗೊಮ್ಮೆ ಈಗೊಮ್ಮೆ ಸಿಗ್ತಾವೆ, ಕೈಯಲ್ಲಿ ಹಿಡಿದು ನೋಡಿ ತಗೊಳ್ಳೋದೇ ವಾಸಿ. ರಾಯಚೂರಿನವ್ರಿಗೆ ಹೈದರಾಬಾದ್ ಜುಮ್ಮೇರಾತ್ ಬಜಾರ್ ಹತ್ರ ಆಗುತ್ತೆ.

ರಾಯಚೂರ್_ಬಿಸ್ಲು
ಜುಮ್ಮೇರಾತ್ ಬಜಾರಿಗೆ ಬೆಳಕು ಹರಿಯೋದ್ರಾಗ ಹೋಗಬೇಕು, ಒಂಬತ್ತಕ್ಕ ಹೋದ್ರ ಒಡದ ರಿಮೋಟ್ ಉಳಿದಿರ್ತಾವ.

ಕಿನ್ನಾಳ_ಬಣ್ಣ
ರಟ್ಟು ಕೀಳಂಗಿಲ್ರಿ. ಇನ್ನ ಲೂನಾಸಿಕ್ಸ್ ಕಥಿ ಹೇಳ್ರಿ, ಕಿಲುಬು ವಿನೆಗರ್ ಹಚ್ಚಿ ತೆಗೆದೆ, ಬ್ಯಾಟರಿ ಯಾವುದು ಹಾಕ್ಲಿ? ಹಳೇದ್ರ ಮ್ಯಾಲೆ ಪಿಎಕ್ಸ್ 625 ಅಂತೈತಿ, ಅಂಗಡ್ಯಾಗ ಕೇಳಿದ್ರ ನಕ್ಕರು.

ಹಂಪಿ_ನೆಳ್ಳು
ಅದು ಮರ್ಕ್ಯುರಿ ಸೆಲ್, ಪಾದರಸ ಇರೋದಕ್ಕೆ ನಿಂತುಹೋಯ್ತು, ಈಗ ಎಲ್ಲೂ ಮಾಡಲ್ಲ. ಅದ್ರ ಗುಣ ಏನಂದ್ರೆ 1.35 ವೋಲ್ಟ್ ಕೊಡ್ತಾ ಕೊಡ್ತಾ ಕೊನೇ ತನಕ ಹಂಗೇ ಕೊಡ್ತಿತ್ತು, ಮೀಟರನ್ನ ಆ ನಂಬಿಕೆ ಮೇಲೇ ಕಟ್ಟಿದಾರೆ. ಅದೇ ಸೈಜಿನ 1.5 ವೋಲ್ಟ್ ಆಲ್ಕಲೈನ್ ಹಾಕಿದ್ರೆ ಮೊದ್ಲು ಜಾಸ್ತಿ ತೋರಿಸ್ತೈತೆ, ಆಮೇಲೆ ದಿನಾ ಇಳೀತಾ ಹೋಗ್ತೈತೆ, ಯಾವತ್ತು ಎಷ್ಟು ಸುಳ್ಳು ಅಂತ ಗೊತ್ತಾಗಲ್ಲ. ಕಿವಿ ಮಷೀನಿಗೆ ಹಾಕೋ 675 ನಂಬರ್ ಜಿಂಕ್ ಏರ್ ಸೆಲ್ ತಗೊಳ್ರಿ, 1.4 ವೋಲ್ಟ್ ಹತ್ರ, ಸಮ ಕೊಡ್ತೈತೆ. ಅಗಲ ಕಮ್ಮಿ ಇರೋದ್ರಿಂದ ಸುತ್ತ ಒಂದು ರಿಂಗ್ ಬೇಕು. ಮೀಟರ್‌ನಾಗೆ ಬ್ಯಾಟರಿ ಚೆಕ್ ಐತೆ, ಮುಳ್ಳು ಗುರ್ತಿನ ಒಳಗೆ ಬಂತಾ ನೋಡ್ರಿ.

ಮುಳ್ಳು_ಅಲ್ಲಾಡ್ತೈತೆ
ಜಿಂಕ್ ಏರ್ ಗಾಳಿ ಕುಡಿದು ನಡೆಯೋದು, ಮೇಲಿನ ಸ್ಟಿಕ್ಕರ್ ಕಿತ್ತ ದಿನದಿಂದ ಆಯುಸ್ಸು ಶುರು. ನಮ್ ಬೇಸಿಗೆ ಒಣ ಗಾಳಿಗೆ ಒಳಗಿನ ನೀರಿನಂಶ ಬೇಗ ಆರಿಹೋಗ್ತೈತೆ. ಕಂಪನಿಯೋರು ಹೇಳೋ ಅಷ್ಟು ದಿನ ಬಳ್ಳಾರಿನಾಗೆ ಬರಲ್ಲ. ಆಗಾಗ ಬಳಸೋರಾದ್ರೆ ಸಿಲ್ವರ್ ಸೆಲ್ ಹಾಕಿ, ಒಳಗೆ ಡಯೋಡ್ ಇರೋ ಅಡಾಪ್ಟರ್ ತಗೊಂಡ್ಬಿಡ್ರಿ, ವೋಲ್ಟೇಜ್ ಇಳಿಸಿ ಕೊಡ್ತೈತೆ. ಒಮ್ಮೆ ದುಡ್ಡು ಹೋಗ್ತೈತೆ ಅಷ್ಟೇ.

ಫಿಲ್ಮ್_ಹುಡುಗ
ಅಷ್ಟು ಖರ್ಚು ಮಾಡಾಕ ಲೂನಾಸಿಕ್ಸ್‌ನ್ಯಾಗ ಅಂಥದ್ದೇನದ?

ಹಂಪಿ_ನೆಳ್ಳು
ಕತ್ತಲೆ ಐತೆ ತಮ್ಮಾ. ಅದು ಸೆಲೆನಿಯಮ್ ಅಲ್ಲ, ಸಿಡಿಎಸ್, ಅಂದ್ರೆ ಬ್ಯಾಟರಿ ಮೇಲೆ ನಡೆಯೋ ಕ್ಯಾಡ್ಮಿಯಮ್ ಸಲ್ಫೈಡ್ ಸೆಲ್, 100 ಎಎಸ್‌ಎಗೆ ಇವಿ (ಬೆಳಕಿನ ಅಳತೆ ಅಂಕಿ) ಮೈನಸ್ 4ರ ತನಕ ಅಳಿತೈತೆ. ವಿರೂಪಾಕ್ಷ ಗುಡಿ ಹಿಂದ್ಗಡೆ ಕತ್ತಲೆ ಕೋಣೆ ಗೋಡೆ ಮೇಲೆ ರಾಯಗೋಪುರದ ನೆಳ್ಳು ತಲೆಕೆಳಗಾಗಿ ಬೀಳ್ತೈತಲ್ಲ, ಒಂದು ಕಿಂಡಿಯಿಂದ ಬರೋ ಬೆಳಕು, ಗುಡೀನೇ ಒಂದು ಪಿನ್‌ಹೋಲ್ ಕ್ಯಾಮೆರಾ. ಅಲ್ಲಿ ಸೆಲೆನಿಯಮ್ ಮೀಟರ್ ಹಿಡಿದ್ರೆ ಮುಳ್ಳು ಮಲಗಿರ್ತೈತೆ. ಲೂನಾಸಿಕ್ಸ್‌ನಾಗೆ ಕತ್ತಲೆ ಕಡೆ ಬಟನ್ ಒತ್ತಿ ಹಿಡ್ಕೊಂಡು ನಿಂತ್ರೆ ಮುಳ್ಳು ನಿಧಾನಕ್ಕೆ ಏಳ್ತಾ ಬಂದು ಒಂದು ಕಡೆ ನಿಲ್ತೈತೆ. ಆತುರ ಮಾಡಬಾರ್ದು. ಸಿಡಿಎಸ್‌ಗೆ ಹಿಂದೆ ನೋಡಿದ ಬೆಳಕಿನ ನೆನಪು ಇರ್ತೈತೆ, ಹೊರಗೆ ಬಿಸಿಲಿಗೆ ಹಿಡಿದು ನೇರ ಒಳಗೆ ಬಂದ್ರೆ ಸ್ವಲ್ಪ ಹೊತ್ತು ಸುಳ್ಳು ಹೇಳ್ತೈತೆ, ಜೇಬಿನಾಗೆ ಇಟ್ಕೊಂಡು ಹೋಗ್ಬೇಕು.
ಅದು ಹತ್ತು ಸೆಕೆಂಡ್ ಅಂದ್ರೆ ಹತ್ತಕ್ಕೇ ಮುಚ್ಚಬೇಡ. ಅಷ್ಟು ಉದ್ದದ ಎಕ್ಸ್‌ಪೋಶರ್‌ಗೆ ಫಿಲ್ಮ್ ಸುಸ್ತಾಗ್ತೈತೆ, ಟ್ರೈ ಎಕ್ಸ್ ಫಿಲ್ಮಿಗೆ ಕೊಡಾಕ್‌ನವ್ರ ಹಳೇ ಪಟ್ಟಿ ಪ್ರಕಾರ ಹತ್ತರ ಜಾಗದಾಗೆ ಐವತ್ತು ಕೊಡ್ಬೇಕು. ಸ್ಟ್ಯಾಂಡ್ ಇಡೋಕೆ ಮುಂಚೆ ಗುಡಿಯೋರನ್ನ ಕೇಳು, ಜನ ಸಾಲಾಗಿ ಬರ್ತಿರ್ತಾರೆ.

ಫಿಲ್ಮ್_ಹುಡುಗ
ಅಕ್ಕ ಇದು ನನ್ ಆಪ್‌ಗೆ ಗೊತ್ತಿಲ್ಲ ಬಿಡ್ರಿ. ಕೊಪ್ಪಳದಣ್ಣಾ, ಲೆನಿನ್‌ಗ್ರಾಡ್ ಕೊಡ್ತೀರೇನು? ಸಿಂಧನೂರಿಂದ ಗಂಗಾವತಿ ಬಸ್ ಹತ್ತಿ ಬಂದು ತಗೊಂಡ್ ಹೋಗ್ತೀನಿ.

ಕಿನ್ನಾಳ_ಬಣ್ಣ
ಬಾರಪ್ಪಾ, ಆಯ್ತವಾರ ಬಾ. ರೊಕ್ಕ ಬ್ಯಾಡ, ಒಂದು ರೋಲ್ ಫಿಲ್ಮ್ ತಗೊಂಡ್ ಬಾ. ವೆಸ್ಟನ್ ಬಳ್ಳಾರಿ ಸರ್ ಕಡೆ ಕಳಿಸ್ತೀನಿ, ನನ್ ಕೈ ನಡುಗ್ತೈತಿ. ಲ್ಯೂಡಿ, ಲೂನಾಸಿಕ್ಸ್, ಮುಚ್ಚಳ ನನ್ ಹತ್ರಾನೇ ಇರ್ತಾವು. ರಾಯಚೂರಣ್ಣಾ, ನೀವು ಏನ್ ಕೊಟ್ರೂ ಮುಚ್ಚಳ ಕೊಡಂಗಿಲ್ಲ, ಕೇಳಬ್ಯಾಡ್ರಿ.

ರಾಯಚೂರ್_ಬಿಸ್ಲು
ಕೇಳಂಗಿಲ್ಲ, ಒಂದು ಫೋಟೋ ಹೊಡದು ಹಾಕ್ರಿ ಸಾಕು. ಸಿಂಧನೂರು ತಮ್ಮಾ, ಲೆನಿನ್‌ಗ್ರಾಡ್ ತಗೊಂಡ್ ಮ್ಯಾಲೆ ಡಯಲ್ ನೋಡ್ಕೋ, ರಷ್ಯಾದ ಗಾಸ್ಟ್ ಅಂಕಿ ಇದ್ರ ಗಾಸ್ಟ್ 90 ಅಂದ್ರ ಎಎಸ್‌ಎ 100, 180 ಅಂದ್ರ 200, ಮತ್ತ ಡಿನ್ ಇದ್ರ 21 ಅಂದ್ರ 100, ಮೂರು ಏರಿದ್ರ ಡಬಲ್. ಅದು ಒಂದು ಸ್ಟಾಪ್ ಕಮ್ಮಿ ಬೆಳಕು ಓದ್ಲಿಕತ್ತದ ಅಂತ ಅಣ್ಣಾರು ಹೇಳ್ಯಾರ, ಅದಕ್ಕ 100ರ ರೋಲ್ ಹಾಕಿದ್ರ ಡಯಲ್ 200ಕ್ಕ ಇಡು, ಎಲ್ಲಾ ಸರಿ ಬರ್ತದ.

ಫಿಲ್ಮ್_ಹುಡುಗ
ಬರ್ಕೊಂಡೆ. ಅಣ್ಣಾ, ರೋಲ್ ಕಲರ್ ನಡಿತದ ಅಲ್ಲಾ? ಬ್ಲ್ಯಾಕ್ ಅಂಡ್ ವೈಟ್ ಸ್ಟಾಕ್ ಇಲ್ಲ ಅನ್ಲಿಕತ್ಯಾರ.